ಮುತ್ತಜ್ಜಿಯ ಲೆಕ್ಕ

ನಮ್ಮ ಮುತ್ತಜ್ಜಿಯದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅವಳನ್ನು ನಾವು ಕಂಡಿಲ್ಲ. ಅಜ್ಜಿ ಹೇಳಿದ್ದು ಕೇಳಿದ್ದೇವೆ.

ಅವರದು ಗೇಣಿ ಗದ್ದೆ. ಗದ್ದೆ ಒಡೆಯರದು, ದುಡಿಮೆ ಇವರದು. ನಟ್ಟಿ, ಕಳೆ, ಕೊಯ್ಲು ಎಲ್ಲಾ ಮುತ್ತಜ್ಜಿ ಮಾಡೋಳು. ಸುಗ್ಗಿಯಲ್ಲಿ ಒಡೆಯರ ಕೊಳಗ ಕಣಕ್ಕೆ ಬರೋದು. ಕೊಳಗ ಅಂದ್ರೆ ಭತ್ತ ಅಳೆಯುವ ಪಾತ್ರೆ. ಅದು ಮನೆಯ ಕೊಳಗಕ್ಕಿಂತ ದೊಡ್ಡದು!

ಮುತ್ತಜ್ಜಿಗೆ ಅಕ್ಷರ ಬಾರದು. ಆದರೆ ಹಸೆ ಚಿತ್ತಾರ ಬರೆಯೋ ಕೈ ಅದು. ಒಂದು ಕೊಳಗ ಅಳೆದರೆ ಗೋಡೆ ಮೇಲೆ ಇದ್ದಿಲಿನ ಒಂದು ಗೆರೆ. "ಎಷ್ಟು ಹೋಯ್ತು, ಎಣಿಸು ಮಗಾ" ಅಂತ ನಮ್ಮ ಅಜ್ಜಿಗೆ ಹೇಳೋಳು.

1951ರಲ್ಲಿ ಅದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಕೊಳಗದ ಅಳತೆ ಸರಿ ಇರಲಿ ಅಂದರು. ಜೈಲಿಗೂ ಹೋದರು. 1974ರಲ್ಲಿ ಭೂ ಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು. ಉಳುವವನೇ ಹೊಲದೊಡೆಯ ಅಂತ ಎಲ್ಲರ ಬಾಯಲ್ಲೂ ಮಾತು. ಮುತ್ತಜ್ಜ ಅರ್ಜಿ ಹಾಕಿದ. ಗದ್ದೆ ಕೈಗೆ ಬಂತು.

ಪಹಣಿಯಲ್ಲಿ ಮುತ್ತಜ್ಜನ ಹೆಸರು ಬಂತು. ಉಳುವವನು, ಸರಿ. ನಟ್ಟಿ ಮಾಡಿದವಳು? ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ಆ ಗೋಡೆಯೂ ಈಗ ಇಲ್ಲ.

ಅಜ್ಜಿಯನ್ನು ಕೇಳಿ ಆ ಹೆಸರನ್ನು ನಾವೇ ಬರೆದಿಟ್ಟೆವು.

ನಿಮ್ಮ ಮುತ್ತಜ್ಜಿಯ ಹೆಸರೇನು? ಹಿರಿಯರನ್ನು ಕೇಳಿ, ಇಲ್ಲಿ ಬರೆಯಿರಿ: ....................