ಎರಡು ತುಂಡು ತೋಟ, ಎರಡು ರುಚಿ

ಫ್ರಾನ್ಸಿನ ಲಿಯಾನ್ ಪೇಟೆಯಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಬೋಜೊಲೇ ಸೀಮೆ. ಗುಡ್ಡ ಗುಡ್ಡವೂ ದ್ರಾಕ್ಷಿ. 2023ರ ಅಕ್ಟೋಬರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯ ಒಬ್ಬ ಕೃಷಿಕರಲ್ಲಿ ಅರ್ಧ ದಿನ ಕಳೆದೆ. ಜಾಗ 7 ಹೆಕ್ಟೇರು, ಅಂದರೆ 17 ಎಕರೆ ಚಿಲ್ಲರೆ. ದುಡಿಯುವುದು ಗಂಡ-ಹೆಂಡತಿ ಇಬ್ಬರೇ. ಕೊಯ್ಲಿಗೆ ಮಾತ್ರ ಆಳು. ನಮ್ಮ ಮಾತಿಗೆ ಮಗಳೇ ಸೇತುವೆ.

ವಿಜಾಪುರದ ಚಪ್ಪರ ನೋಡಿದವರಿಗೆ ಇದೂ ದ್ರಾಕ್ಷಿಯಾ ಅನ್ನಿಸೀತು. ಚಪ್ಪರವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಮೋಟು ಕಾಂಡ, ತಲೆಯಿಂದ ಬಟ್ಟಲಿನ ಹಾಗೆ ಸುತ್ತ ನಾಲ್ಕೈದು ಕೈ. ಹಳೇ ಪದ್ಧತಿಯಲ್ಲಿ ಹೆಕ್ಟೇರಿಗೆ 10,000 ಗಿಡದವರೆಗೂ ಇಡುತ್ತಿದ್ದರು. ತಳಿ ಗಮೇ ಒಂದೇ.

ಬೇರು ಮಾತ್ರ ಅಮೆರಿಕದ ಜಾತಿಯದು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರಿನ ರಸ ಹೀರಿ ಫ್ರಾನ್ಸಿನ ತೋಟಗಳನ್ನೇ ಒಣಗಿಸಿತ್ತು. ಅಮೆರಿಕದ ಬೇರು ಅದನ್ನು ತಾಳಿಕೊಳ್ಳುತ್ತದೆ, ಅದಕ್ಕೆ ಊರಿನ ಕುಡಿ ಕಸಿ. ಸೊರಗು ರೋಗಕ್ಕೆ ಹೆದರಿ ನಾವು ಹಿಪ್ಪಲಿಗೆ ಕಾಳುಮೆಣಸು ಕಟ್ಟುತ್ತೇವಲ್ಲ, ಅದೇ ಲೆಕ್ಕ.

ಕೊಯ್ಲು ಕೈಯಲ್ಲೇ. ಕಾರಣ ಉಂಟು. ಗೊಂಚಲನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ಸುರಿಯುತ್ತಾರೆ. ಅಡಿಯ ಹಣ್ಣು ಭಾರಕ್ಕೆ ಒಡೆದು ಹುದುಗಲು ತೊಡಗುತ್ತದೆ. ಅದರ ಗ್ಯಾಸು ತೊಟ್ಟಿ ತುಂಬಿದಾಗ ಮೇಲಿನ ಹಣ್ಣು ಒಡೆಯದೆಯೇ ಒಳಗಿಂದ ಹುದುಗುತ್ತದೆ. ಹಾಗಾಗಿ ಒಗರು ಕಡಿಮೆ, ಹಣ್ಣಿನ ಪರಿಮಳ ಜಾಸ್ತಿ.

ಇನ್ನು ರುಚಿ ನೋಡುವ ವಿಚಾರ. ನನಗೆ ಕುಡಿಯುವ ಅಭ್ಯಾಸವಿಲ್ಲ. ಉಗುಳಲು ಬಕೆಟ್ ಇಟ್ಟದ್ದು ಕಂಡು ಧೈರ್ಯ ಬಂತು. ಗ್ಲಾಸಿನ ಅಡಿಗೆ ಸ್ವಲ್ಪವೇ ಹಾಕುವುದು. ಬೆಳಕಿಗೆ ಹಿಡಿದು ಬಣ್ಣ ನೋಡಿ, ಗ್ಲಾಸು ತಿರುಗಿಸಿ ಮೂಸಿ, ಆಮೇಲೆ ಬಾಯಿಗೆ. ಅರ್ಧ ಕೆಲಸ ಮೂಗಿನದೇ.

ಮೊದಲು ಕೊಟ್ಟದ್ದು ಫ್ಲೋರಿ ಊರಿನ ತುಂಡಿನದು, 2022ರ ಬೆಳೆ. ಅಲ್ಲಿ ಗ್ರಾನೈಟ್ ಸವೆದ ನಸುಗೆಂಪು ಮರಳು. ಹಗುರ, ಹೂವಿನ ವಾಸನೆ. ಎರಡನೆಯದು ಪಕ್ಕದ ಊರು ಮೊರ್ಗೊನ್‌ನದು. ತಳಿ ಅದೇ, ವರ್ಷ ಅದೇ, ಮಾಡಿದ ಕೈಯೂ ಅದೇ. ಮಣ್ಣು ಮಾತ್ರ ಬೇರೆ. ಕೈಯಲ್ಲಿ ಹಿಡಿದರೆ ಪುಡಿಯಾಗುವ ಕಲ್ಲು, ಅದಕ್ಕೆ ‘ಕೊಳೆತ ಬಂಡೆ’ ಅಂತಲೇ ಹೆಸರು. ಇದು ದಪ್ಪ, ನೇರಳೆ ಹಣ್ಣು ತಿಂದ ಹಾಗೆ ನಾಲಗೆ ಹಿಡಿಯಿತು. ಮಣ್ಣಿನ ಗುಣದ ಬಗ್ಗೆ ಎಷ್ಟೋ ಓದಿದ್ದೆ, ನಾಲಗೆಗೆ ಗೊತ್ತಾದದ್ದು ಅಲ್ಲಿ.

ಮೂರನೆಯದು ಅದೇ ಮೊರ್ಗೊನ್, 2021ರದು. ಹುಳಿ ಮುಂದು, ಮೈ ತೆಳು. 2021ರ ಏಪ್ರಿಲಿನಲ್ಲಿ ಫ್ರಾನ್ಸಿನ ಬಹಳಷ್ಟು ತೋಟಗಳಲ್ಲಿ ಹಿಮ ಬಿದ್ದು ಚಿಗುರು ಸುಟ್ಟಿತ್ತು. ಬೇಸಿಗೆಯೂ ತಂಪು, ಮಳೆ. ಬಿಸಿಲು ಕಮ್ಮಿಯಾದರೆ ಹಣ್ಣಲ್ಲಿ ಸಕ್ಕರೆ ಕಮ್ಮಿ, ಹುಳಿ ಉಳಿಯುತ್ತದೆ. 2022 ಬಿಸಿಲು, ಬರ. ಸಕ್ಕರೆಯೇ ಮದ್ಯಸಾರ ಆಗುವುದರಿಂದ ಆ ವರ್ಷದ್ದು ಖಡಕ್.

‘ನಿಮಗೆ ಯಾವುದು ಹಿಡಿಸಿತು?’ ಅಂದರು ಮನೆಯಾಕೆ. ಎರಡನೆಯದು ಅಂದೆ. ಆಕೆಗೆ 2021ರದೇ ಪ್ರೀತಿ. ‘ಕಷ್ಟದ ವರ್ಷದ್ದು’ ಅಂತ ನಕ್ಕರು.

ಲೇಬಲ್ಲಿನಲ್ಲಿ ಊರಿನ ಹೆಸರು ಹಾಕಬೇಕಾದರೆ ಕಾನೂನು ಬಿಗಿ. ತಳಿ, ಗಡಿ, ಹೆಕ್ಟೇರಿಗೆ ಇಷ್ಟೇ ಇಳುವರಿ ಎಂಬ ಮಿತಿ. ಮಿತಿ ಮೀರಿದ್ದಕ್ಕೆ ಆ ಹೆಸರಿಲ್ಲ. ಇಳುವರಿ ಏರಿಸಿ ಎಂಬ ಉಪದೇಶ ಕೇಳಿ ಕೇಳಿ ಬೆಳೆದ ನನಗೆ ಇದು ವಿಚಿತ್ರ ಕಂಡಿತು.

ಇವರು ಅರ್ಧ ಪಾಲನ್ನು ತಾವೇ ಬಾಟ್ಲಿಗೆ ತುಂಬಿ ಬಾಗಿಲಲ್ಲೇ ಮಾರುತ್ತಾರೆ. ಉಳಿದದ್ದು ಸಗಟಾಗಿ ವ್ಯಾಪಾರಿಗೆ. ಅದಕ್ಕೆ ಅವನು ಹೇಳಿದ್ದೇ ರೇಟು. ಹಾಗಾದರೆ ಪೂರ್ತಿ ಯಾಕೆ ತುಂಬಿಸುವುದಿಲ್ಲ? ಯಜಮಾನರು ನೆಲಮಾಳಿಗೆಯ ಸಾಲು ತೋರಿಸಿದರು. ಬಾಟ್ಲಿ ಖರ್ಚಾಗಲು ಎರಡು ವರ್ಷ ಬೇಕು, ಅಷ್ಟು ದಿನ ದುಡ್ಡು ಇಲ್ಲಿ ಮಲಗಿರುತ್ತದೆ. ಕೊಯ್ಲಿನ ಆಳಿಗೆ ಸಂಬಳ ಸೆಪ್ಟೆಂಬರಿನಲ್ಲೇ ಕೊಡಬೇಕಲ್ಲ ಅಂದರು.