ಹೆಸರು ಬೇರೆ, ಮಾತ್ರೆ ಒಂದೇ

ಊರಿಂದ ಬರುವಾಗ ನಮ್ಮೆಲ್ಲರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕುಕ್ಕರ್ ಜೊತೆ ಒಂದು ಮಾತ್ರೆ ಡಬ್ಬಿಯೂ ಇರುತ್ತೆ. ಡೋಲೊ, ಕ್ರೋಸಿನ್, ಕಾಂಬಿಫ್ಲಾಮ್, ಏವಿಲ್. ಬೇ ಏರಿಯಾಕ್ಕೆ ಬಂದ ಮೇಲೆ ಅದರ ಪಕ್ಕದಲ್ಲಿ ಟೈಲೆನಾಲ್, ಆಡ್ವಿಲ್, ನೈಕ್ವಿಲ್ ಬಂದು ಕೂರುತ್ತವೆ. ಎರಡು ದೇಶದ ಔಷಧಗಳು ಒಂದೇ ಕಪಾಟಿನಲ್ಲಿ ಸೇರಿದಾಗಲೇ ಎಡವಟ್ಟು ಆಗೋದು.

ನರ್ಸಿಂಗ್ ವಿದ್ಯಾರ್ಥಿಗಳಿಗೆ ಐದು "ಸರಿ"ಗಳನ್ನು ಕಲಿಸುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ನಾವು ಬಹುತೇಕ ಎಂಜಿನಿಯರಿಂಗ್ ಓದಿದವರು. ಆದರೆ ರೂಮ್‌ಮೇಟ್‌ಗೆ ಜ್ವರ ಬಂದ ರಾತ್ರಿ ನಾವೇ ನರ್ಸ್. ಹಾಗಾಗಿ ಕನಿಷ್ಠ ಎರಡನೆಯ ಮತ್ತು ಮೂರನೆಯ "ಸರಿ"ಯನ್ನಾದರೂ ಕಲಿತಿರೋಣ.

1. ಪ್ಯಾರಾಸಿಟಮಾಲ್ (ಜ್ವರ, ನೋವು)

ನಮ್ಮ ಬೆಂಗಳೂರಿನದೇ ಕಂಪನಿ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೊ 650ರಲ್ಲಿ ಇರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಇದೇ ಔಷಧಕ್ಕೆ ಅಸಿಟಮಿನೊಫೆನ್ ಅನ್ನುತ್ತಾರೆ. ಟೈಲೆನಾಲ್ ಅದರ ಬ್ರ್ಯಾಂಡ್. ಡೇಕ್ವಿಲ್, ನೈಕ್ವಿಲ್ ಕ್ಯಾಪ್ಸೂಲ್‌ಗಳಲ್ಲೂ ತಲಾ 325 ಮಿಲಿಗ್ರಾಂ ಇದೇ ಇದೆ.

ಈಗ ಲೆಕ್ಕ ಹಾಕಿ. ಫ್ಲೂ ಬಂತೆಂದು ದಿನಕ್ಕೆ ನಾಲ್ಕು ಡೋಲೊ: 2600. ನೆಗಡಿಗೆಂದು ಎರಡೆರಡು ಡೇಕ್ವಿಲ್ ಮೂರು ಸಲ: 1950. ರಾತ್ರಿ ಎರಡು ನೈಕ್ವಿಲ್: 650. ಒಟ್ಟು 5200 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4000. ಟೈಲೆನಾಲ್ ಎಕ್ಸ್‌ಟ್ರಾ ಸ್ಟ್ರೆಂತ್ ಡಬ್ಬಿ ಮೇಲಂತೂ 3000 ಅಂತಲೇ ಇದೆ. ಯಾವ ಒಂದು ಔಷಧದ ಸೂಚನೆಯನ್ನೂ ಮೀರಿಲ್ಲ, ಆದರೂ ಮೊತ್ತ ಮಿತಿ ದಾಟಿತು!

ಹೆಚ್ಚಾದರೆ ಪೆಟ್ಟು ಬೀಳೋದು ಯಕೃತ್ತಿಗೆ. ಅಮೆರಿಕದಲ್ಲಿ ಯಕೃತ್ತು ದಿಢೀರನೆ ವಿಫಲವಾಗಲು ಮೊದಲ ಕಾರಣವೇ ಈ ಔಷಧದ ಅತಿಸೇವನೆ. ಮೊದಲ ದಿನ ಏನೂ ತೊಂದರೆ ಕಾಣಿಸದೆಯೂ ಇರಬಹುದು, ಅದೇ ಅಪಾಯ. ಮದ್ಯ ಕುಡಿಯುವವರಿಗೆ, ಯಕೃತ್ತಿನ ಸಮಸ್ಯೆ ಇರುವವರಿಗೆ ಮಿತಿ ಇನ್ನೂ ಕಡಿಮೆ, ವೈದ್ಯರನ್ನು ಕೇಳಬೇಕು.

2. ಐಬುಪ್ರೊಫೇನ್ (ನೋವು, ಊತ, ಜ್ವರ)

ಊರಿನ ಬ್ರೂಫೆನ್, ಇಲ್ಲಿನ ಆಡ್ವಿಲ್, ಮೋಟ್ರಿನ್ ಎಲ್ಲಾ ಇದೇ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೇನ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ ಇದೆ. ಅಂದರೆ ಒಂದು ಕಾಂಬಿಫ್ಲಾಮ್ ನುಂಗಿದರೆ 200ರ ಎರಡು ಆಡ್ವಿಲ್ ನುಂಗಿದ ಹಾಗೆ. ವೈದ್ಯರು ಹೇಳದೆ ದಿನಕ್ಕೆ 1200 ಮೀರಬಾರದು. ಊಟದ ಜೊತೆ ತಗೊಳ್ಳಿ. ಖಾಲಿ ಹೊಟ್ಟೆಯಲ್ಲಿ ಉರಿ ಬರುತ್ತೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಮಳೆಗಾಲದಲ್ಲಿ ಊರಿಗೆ ಹೋಗಿ ಬಂದು ಎರಡು ವಾರದೊಳಗೆ ಜ್ವರ ಬಂದರೆ ಡೆಂಗಿ ಇರಬಹುದು. ಆಗ ಐಬುಪ್ರೊಫೇನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಊರಿಗೆ ಹೋಗಿದ್ದ ವಿಷಯ ವೈದ್ಯರಿಗೆ ತಪ್ಪದೆ ಹೇಳಿ.

3. ಅಲರ್ಜಿ ಮಾತ್ರೆ

ವಸಂತದಲ್ಲಿ ಇಲ್ಲಿನ ಪರಾಗಕ್ಕೆ ಸೀನು ತಪ್ಪಿದ್ದಲ್ಲ. ಸೆಟ್ರಿಜಿನ್‌ಗೆ ಇಲ್ಲಿ ಜಿರ್ಟೆಕ್ ಅಂತ ಹೆಸರು. ವಯಸ್ಕರಿಗೆ ದಿನಕ್ಕೊಂದು 10 ಮಿಲಿಗ್ರಾಂ ಸಾಕು. ಏವಿಲ್ ಇನ್ನೂ ಹೆಚ್ಚು ನಿದ್ದೆ ಬರಿಸುತ್ತೆ. ನೈಕ್ವಿಲ್‌ನಲ್ಲೂ ನಿದ್ದೆ ತರುವ ಔಷಧವಿದೆ. ಎರಡನ್ನು ಕೂಡಿಸಬೇಡಿ, ತಗೊಂಡು 101ರಲ್ಲಿ ಕಾರು ಓಡಿಸಲೂಬೇಡಿ.

4. ಆಂಟಿಬಯಾಟಿಕ್

ಡಬ್ಬಿಯಲ್ಲಿ ಉಳಿದ ಅಜಿತ್ರೋಮೈಸಿನ್ ನೆಗಡಿ, ಫ್ಲೂಗೆ ಕೆಲಸ ಮಾಡಲ್ಲ. ಅವು ವೈರಸ್ ಕಾಯಿಲೆಗಳು. ಈ ಮಾತ್ರೆ ಬ್ಯಾಕ್ಟೀರಿಯಾಕ್ಕೆ.

ಇಷ್ಟು ಮಾಡೋಣ

ಬ್ರ್ಯಾಂಡ್ ಹೆಸರು ಬಿಟ್ಟು ಔಷಧದ ಹೆಸರು ಓದೋಣ. ಇಲ್ಲಿನ ಡಬ್ಬಿಗಳಲ್ಲಿ "ಆಕ್ಟಿವ್ ಇಂಗ್ರೀಡಿಯೆಂಟ್" ಅನ್ನುವ ಸಾಲಿನಲ್ಲಿ ಅದಿರುತ್ತೆ. ಮೆಡಿಕಲ್ ಶಾಪಿನವರು ಕತ್ತರಿಸಿ ಕೊಟ್ಟ ಸ್ಟ್ರಿಪ್‌ನಲ್ಲಿ ಹೆಸರು, ಅವಧಿ ಕಾಣಿಸದಿದ್ದರೆ ಆ ಮಾತ್ರೆ ಬಳಸೋದೇ ಬೇಡ. ಜ್ವರ ಬಂದಾಗ ಎಷ್ಟು ಗಂಟೆಗೆ ಏನು ತಗೊಂಡಿರಿ ಅಂತ ಫೋನಿನಲ್ಲಿ ಬರೆದಿಡಿ.

ಮಿತಿ ಮೀರಿತು ಅನ್ನಿಸಿದರೆ ಲಕ್ಷಣ ಕಾಣಿಸಲಿ ಅಂತ ಕಾಯಬೇಡಿ. ಪಾಯ್ಸನ್ ಕಂಟ್ರೋಲ್ 1-800-222-1222ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಇರುತ್ತೆ. ಪ್ರಜ್ಞೆ ತಪ್ಪಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ನೇರ 911. ಪ್ಯಾರಾಸಿಟಮಾಲ್ ಅತಿಸೇವನೆಗೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಇದೆ, ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅತ್ಯಂತ ಪರಿಣಾಮಕಾರಿ. ಈ ನಂಬರನ್ನು ಈಗಲೇ ಸೇವ್ ಮಾಡಿಕೊಳ್ಳಿ, ರೂಮ್‌ಮೇಟ್‌ಗೂ ಕಳಿಸಿ.