ಅತ್ತೆಯ ಎರಡು ಪಲ್ಲಕ್ಕೆ ಎಷ್ಟು ಕಿಲೋ?

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಸಂತ ಫಿಲೋಮಿನಾ ಚರ್ಚಿನ ಗೋಪುರ ಕಾಣುವ ಬೀದಿಯಲ್ಲಿ ನಮ್ಮ ಸೋದರತ್ತೆಯ ಮನೆ. ಜಮೀನಿನಲ್ಲಿ ಪಾಲು ಕೇಳದ ಅವರಿಗೆ ವರ್ಷಕ್ಕೆ ಎರಡು ಪಲ್ಲ ರಾಗಿ ಕೊಡುತ್ತೇವೆಂದು ತಾತ ಮಾತು ಕೊಟ್ಟಿದ್ದರು. ಅಪ್ಪ ಇರುವ ತನಕ ಸೇರಿನಲ್ಲೇ ಅಳೆದು ಕೊಟ್ಟರು. ನನ್ನ ಕಾಲಕ್ಕೆ ಎಲ್ಲ ತಕ್ಕಡಿ ಲೆಕ್ಕ. ಮಿಲ್ಲಿನವರೊಬ್ಬರನ್ನು ಕೇಳಿದೆ. 'ಸೇರು ಅಂದ್ರೆ ಮುಕ್ಕಾಲು ಕಿಲೋ' ಅಂದರು. ಪಲ್ಲಕ್ಕೆ ನೂರು ಸೇರು. ಎರಡು ಪಲ್ಲಕ್ಕೆ 150 ಕಿಲೋ. ನಾಲ್ಕು ವರ್ಷ ಹಾಗೇ ಕೊಟ್ಟೆ.

ಐದನೇ ವರ್ಷ ಚೀಲ ಇಳಿಸುವಾಗ ಅತ್ತೆ, 'ಈಚೆಗೆ ರಾಗಿ ವರ್ಷ ಪೂರ್ತಿ ಬರಾಕಿಲ್ಲ ಕಣಪ್ಪ. ನಮ್ಮಪ್ಪನ ಸೇರು ಇಲ್ಲೇ ಅದೆ, ಒಂದ್ಸಲ ಅಳ್ದು ನೋಡು' ಅಂದರು. ನನಗೆ ಮುಜುಗರವಾಯಿತು. ಆದರೂ ಅಳೆದೆ.

ಅಳೆದದ್ದು ಹೀಗೆ

ಒಂದೇ ಸೇರು ತೂಗಿದರೆ ಕೈತಪ್ಪು ಹೆಚ್ಚು. ಹತ್ತು ಸೇರು ಅಳೆದು ಒಟ್ಟಿಗೆ ತೂಗಬೇಕು. ರಾಗಿ ಒಣಗಿರಬೇಕು, ಹೊಟ್ಟು ಇರಬಾರದು. ಗೋಪುರ ಬರುವಂತೆ ಸುರಿಯುವುದೋ, ಬಾಯಿಮಟ್ಟಕ್ಕೆ ಸವರುವುದೋ ಮೊದಲೇ ತೀರ್ಮಾನಿಸಿ. ಅಪ್ಪ ಸವರುತ್ತಿದ್ದರು, ನಾನೂ ಸವರಿದೆ. 'ಲಾಭ, ಎರಡು, ಮೂರು...' ಎಂದು ಅತ್ತೆಯೇ ಎಣಿಸಿದರು. ಚೀಲದ ತೂಕ ಕಳೆದು ಹತ್ತು ಸೇರಿಗೆ 9 ಕಿಲೋ 400 ಗ್ರಾಂ ಬಂತು.

ಇನ್ನು ಉಳಿದದ್ದು ತ್ರೈರಾಶಿಕ. ಗೊತ್ತಿರುವ ಅಳತೆ 'ಪ್ರಮಾಣ', ಅದಕ್ಕೆ ಬಂದದ್ದು 'ಫಲ', ನಮಗೆ ಬೇಕಾದ ಅಳತೆ 'ಇಚ್ಛೆ'. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ದಲ್ಲಿ ಇಂಥ ಲೆಕ್ಕಗಳನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾನೆ.

10 ಸೇರಿಗೆ 9.4 ಕಿಲೋ ಆದರೆ 200 ಸೇರಿಗೆ?
9.4 × 200 ÷ 10 = 188 ಕಿಲೋ.

ಅಂದರೆ ವರ್ಷಕ್ಕೆ 38 ಕಿಲೋ ಕಡಿಮೆ ಕೊಟ್ಟಿದ್ದೆ! ನಾಲ್ಕು ವರ್ಷಕ್ಕೆ 152 ಕಿಲೋ. ಒಂದು ಲೀಟರ್ ಪಾತ್ರೆಯಲ್ಲಿ ರಾಗಿ ಸುಮಾರು ಮುಕ್ಕಾಲು ಕಿಲೋ ಹಿಡಿಯುತ್ತದೆ. ಮಿಲ್ಲಿನವರು ಸೇರು, ಲೀಟರ್ ಎರಡೂ ಒಂದೇ ಅಂದುಕೊಂಡಿರಬೇಕು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ತಪ್ಪು ಇದ್ದದ್ದು ಮೊದಲ ಸಾಲಿನಲ್ಲಿ.

ಒಂದೇ ಹೆಸರು, ಬೇರೆ ಅಳತೆ

ಸೇರು ಪಾತ್ರೆಯ ಅಳತೆ. ಅದೇ ಸೇರಿನಲ್ಲಿ ಹತ್ತು ಸೇರು ಎಳ್ಳು ಅಳೆದೆ, ಏಳೂಕಾಲು ಕಿಲೋ ಮಾತ್ರ ಬಂತು. ರಾಗಿಯ ಲೆಕ್ಕ ಎಳ್ಳಿಗೆ ಹೊಂದದು. ಪ್ರತಿ ಕಾಳಿಗೂ ಬೇರೆ ತೂಗಿ.

ತೂಕದಲ್ಲೂ ಸೇರು ಇತ್ತು. 24 ತೊಲದ್ದು ಕಚ್ಚಾ ಸೇರು, 80 ತೊಲದ್ದು ಪಕ್ಕಾ ಸೇರು. ನಲವತ್ತು ಸೇರಿಗೆ ಒಂದು ಮಣ. ಹಾಗಾಗಿ ಕಚ್ಚಾ ಮಣ ಸುಮಾರು 11.2 ಕಿಲೋ, ಪಕ್ಕಾ ಮಣ ಸುಮಾರು 37.3 ಕಿಲೋ. ಹಳೆಯ ಕರಾರಿನಲ್ಲಿ ಬರೀ 'ಮಣ' ಎಂದಿದ್ದರೆ ಯಾವ ಮಣ ಎಂದು ಕೇಳದೆ ಮುಂದೆ ಹೋಗಬೇಡಿ.

ಪಹಣಿಯ ಚುಕ್ಕಿ

ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಕ್ಯಾಲ್ಕುಲೇಟರಿಗೆ ಹಾಗೇ ಒತ್ತಿದರೆ ಮೋಸ ಹೋಗುತ್ತೀರಿ. 40 ಗುಂಟೆಗೆ ಒಂದು ಎಕರೆ. 20 ಗುಂಟೆ ಎಂದರೆ ಅರ್ಧ. ಒಟ್ಟು ಎರಡೂವರೆ ಎಕರೆ. ಕರಾವಳಿಯ ಸೆಂಟ್ಸ್ ಲೆಕ್ಕದಲ್ಲಿ 250 ಸೆಂಟ್ಸ್. ಎಕರೆಗೆ 200 ಕಿಲೋ ಸುಣ್ಣ ಹಾಕುವುದಾದರೆ ಬೇಕಾದದ್ದು 500 ಕಿಲೋ; ಚುಕ್ಕಿ ನಂಬಿದವರು 440 ತರುತ್ತಾರೆ.

ಗೊಬ್ಬರದ ಶಿಫಾರಸು ಹೆಕ್ಟೇರಿನಲ್ಲಿರುತ್ತದೆ. ಒಂದು ಹೆಕ್ಟೇರ್ ಸುಮಾರು 99 ಗುಂಟೆ. ಹೆಕ್ಟೇರಿಗೆ 50 ಕಿಲೋ ಸಾರಜನಕ ಎಂದಿದೆ, ನಿಮ್ಮದು 1 ಎಕರೆ 10 ಗುಂಟೆ, ಅಂದರೆ 50 ಗುಂಟೆ ಎನ್ನಿ.

50 × 50 ÷ 99 = ಸುಮಾರು 25 ಕಿಲೋ ಸಾರಜನಕ.

ನೂರು ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ. ಮತ್ತೆ ತ್ರೈರಾಶಿಕ: 100 × 25 ÷ 46 = ಸುಮಾರು 54 ಕಿಲೋ ಯೂರಿಯಾ. 2018ರಿಂದ ಯೂರಿಯಾ ಚೀಲ 45 ಕಿಲೋದ್ದು. ಒಂದು ಚೀಲದ ಮೇಲೆ 9 ಕಿಲೋ ಸಾಕು.

ತಿರುವುಮುರುವು ಲೆಕ್ಕ

ಒಂದು ಹೆಚ್ಚಿದರೆ ಇನ್ನೊಂದು ಇಳಿಯುವ ಕಡೆ ಈ ಸೂತ್ರ ಉಲ್ಟಾ. ಆರು ಆಳು ನಾಲ್ಕು ದಿನ ಮಾಡುವ ಕಳೆಯನ್ನು ಎಂಟು ಆಳು ಎಷ್ಟು ದಿನದಲ್ಲಿ ತೆಗೆಯುತ್ತಾರೆ? 6 × 4 ÷ 8 = 3 ದಿನ. ಲೆಕ್ಕಕ್ಕೆ ಕೂರುವ ಮೊದಲು ಕೇಳಿಕೊಳ್ಳಿ: ಇದು ಹೆಚ್ಚಿದರೆ ಅದು ಹೆಚ್ಚುತ್ತದೋ, ಇಳಿಯುತ್ತದೋ?

ನಿಮ್ಮ ಮನೆಯಲ್ಲೂ ಹಳೆಯ ಸೇರು, ಪಾವು ಇದ್ದರೆ ಗುಜರಿಗೆ ಹಾಕಬೇಡಿ. ವ್ಯಾಪಾರಕ್ಕೆ ಅದು ಈಗ ನಡೆಯುವುದಿಲ್ಲ, ನಿಜ. ಆದರೆ ಹಿರಿಯರ ಮಾತು ಇರುವುದು ಆ ಅಳತೆಯಲ್ಲಿ. ಒಮ್ಮೆ ತೂಗಿ, ಯಾವ ಕಾಳಿಗೆ ಎಷ್ಟೆಂದು ಗೋಡೆಯ ಮೇಲೆ ಬರೆದಿಡಿ.

ಆ ವರ್ಷದ ರಾಗಿಯನ್ನು 188 ಕಿಲೋಗೆ ಸರಿಮಾಡಿದೆ. ಬಾಕಿ 152 ಕಿಲೋವನ್ನು ಎರಡು ಸುಗ್ಗಿಯಲ್ಲಿ ತೀರಿಸಿದೆ. ಅತ್ತೆ ಬಡ್ಡಿ ಕೇಳಲಿಲ್ಲ; ಮುದ್ದೆ ಉಣ್ಣದೆ ಹೊರಡಲು ಬಿಡಲೂ ಇಲ್ಲ.